ತಿಳಿನೀರಿನಲ್ಲಿ ಸತ್ತ ಮೀನುಗಳು

ಕಾರ್ಖಾನೆಯ ಹಿಂಬದಿಯಲ್ಲಿ, ಕಾಂಪೌಂಡಿನ ಕೊನೆಯ ಮೂಲೆಯಲ್ಲಿ, ಅತಿಥಿಗಳನ್ನು ಯಾರೂ ಕರೆದುಕೊಂಡು ಹೋಗದ ಜಾಗದಲ್ಲಿ ನನ್ನ ನೌಕರಿ ನಡೆಯಿತು. ಕೊಳೆನೀರನ್ನು ಶುದ್ಧ ಮಾಡುವ ಆ ಜಾಗಕ್ಕೆ ಎಲ್ಲರೂ ಇಟಿಪಿ ಅನ್ನುತ್ತಾರೆ. ಈಗ ನಿವೃತ್ತನಾಗಿ ಚಿತ್ರದುರ್ಗದ ಮನೆಯಲ್ಲಿದ್ದೇನೆ. ಇಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಇದೇ ಕೆಲಸಕ್ಕೆ ಸೇರಲಿರುವ ಕೆಲವರು ಈಚೆಗೆ ಮನೆಗೆ ಬಂದು, ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದರು. ಚಹಾ ಮುಗಿಯುವಷ್ಟರಲ್ಲಿ ಹೇಳಬಹುದಾದದ್ದನ್ನು ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಹೇಳದೆ ಉಳಿದದ್ದೇ ಹೆಚ್ಚು ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬಣ್ಣಗಾರರ ಮನೆತನ. ಕೋಟೆಯ ಕೆಳಗಿನ ಓಣಿಯಲ್ಲಿ ಅಜ್ಜ, ಮುತ್ತಜ್ಜ ಎಲ್ಲರೂ ನೂಲಿಗೆ, ಸೀರೆಗೆ, ರುಮಾಲಿಗೆ ಬಣ್ಣ ಹಾಕಿಯೇ ಬದುಕಿದವರು. ನನ್ನ ಅಪ್ಪ, ಅಬ್ಬಾನ ಉಗುರುಗಳು ಹಬ್ಬದ ದಿನವೂ ನೀಲಿಯಾಗಿಯೇ ಇರುತ್ತಿದ್ದವು. ತೊಟ್ಟಿಯಲ್ಲಿ ಮಿಕ್ಕ ಬಣ್ಣದ ನೀರನ್ನು ಸಂಜೆ ಓಣಿಯ ಚರಂಡಿಗೆ ಸುರಿಯುತ್ತಿದ್ದೆವು. ಇವತ್ತು ಯಾವ ಬಣ್ಣ ಹರಿಯುತ್ತದೆ ಎಂದು ಓಣಿಯ ಮಕ್ಕಳು ನೋಡಲು ಬರುತ್ತಿದ್ದರು. ಅದರಲ್ಲಿ ಕೆಟ್ಟದ್ದೇನಾದರೂ ಇದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ನಾನು ಬಿಎಸ್‌ಸಿ ಮುಗಿಸಿ, ಹೊಳಲ್ಕೆರೆ ಕಡೆಗೆ ಹೋಗುವ ದಾರಿಯಲ್ಲಿದ್ದ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ಸೇರಿದಾಗ ಅಬ್ಬಾ ಹಿಗ್ಗಿದ. ಆದರೆ ಅಲ್ಲಿ ನನ್ನನ್ನು ಹಾಕಿದ್ದು ಬಣ್ಣದ ವಿಭಾಗಕ್ಕಲ್ಲ, ಬಣ್ಣದ ನೀರಿನಿಂದ ಬಣ್ಣ ತೆಗೆಯುವ ಇಟಿಪಿಗೆ. ಮನೆಗೆ ಬಂದು ಹೇಳಿದೆ. ಅಬ್ಬಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಕುವುದು ನಮ್ಮ ಮನೆಯವರಿಗೆಲ್ಲ ಗೊತ್ತು, ತೆಗೆಯುವುದು ಯಾರಿಗೂ ಗೊತ್ತಿಲ್ಲ, ನೋಡಿಕೊಂಡು ಮಾಡು ಎಂದ.

ಇಟಿಪಿಗೆ ಮುಖ್ಯಸ್ಥರಾಗಿದ್ದವರು ಶಿವಲಿಂಗಪ್ಪನವರು. ಹೊಸದುರ್ಗ ತಾಲ್ಲೂಕಿನಲ್ಲಿ ಹಾಲುರಾಮೇಶ್ವರದ ಹತ್ತಿರದ ಒಂದು ಹಳ್ಳಿಯವರು. ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ತೋಳು ಮಡಚಿದ ಬಿಳಿ ಅಂಗಿ. ಅವರು ಯಾರಿಗೂ ಜೋರು ಮಾಡಿದ್ದನ್ನು ನಾನು ಕಾಣೆ. ನಮ್ಮಲ್ಲಿ ಯಾರಾದರೂ ಕೆಲಸ ಕೆಡಿಸಿದರೆ ಏನೂ ಅನ್ನದೆ ತಾವೇ ಬಂದು ಅದನ್ನು ಮೊದಲಿನಿಂದ ಮಾಡುತ್ತಿದ್ದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ನಾನು ಸೇರಿದಾಗ ಬಣ್ಣ ಇಳಿಸಲು ಪಟಿಕವನ್ನೇ ಬಳಸುತ್ತಿದ್ದರು. ಅದು ಬಣ್ಣ ಇಳಿಸುತ್ತಿತ್ತು ನಿಜ, ಆದರೆ ಇಳಿದ ರಾಡಿ ಗುಡ್ಡೆಗುಡ್ಡೆಯಾಗಿ ಬೀಳುತ್ತಿತ್ತು. ಒಣಗಿಸಲು ಜಾಗವಿಲ್ಲ, ಹೊತ್ತು ಹಾಕಲು ಊರಿಲ್ಲ. ಸ್ವಲ್ಪ ಕಾಲದಲ್ಲೇ ಪಾಲಿಮರ್ ಪುಡಿ ಬಂತು. ನೋಡಲು ಸಕ್ಕರೆಯ ಹಾಗೆ ಬಿಳಿ ಕಾಳು. ಪಾಲಿಮರ್ ಅಂದರೆ ಬಹಳ ಉದ್ದದ ಸರಪಳಿ. ಬಣ್ಣದ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲಿ ತೇಲುತ್ತಿರುತ್ತವೆ, ತಾವಾಗಿ ಕೂಡಿಕೊಳ್ಳುವುದಿಲ್ಲ. ಈ ಸರಪಳಿ ಒಂದು ತುದಿಯಲ್ಲಿ ಒಂದನ್ನು, ಇನ್ನೊಂದು ತುದಿಯಲ್ಲಿ ಮತ್ತೊಂದನ್ನು ಹಿಡಿದು ಗುಂಪು ಮಾಡುತ್ತದೆ. ಗುಂಪು ಭಾರವಾಗಿ ತಳಕ್ಕೆ ಕೂರುತ್ತದೆ. ಹಾಲು ಒಡೆದಾಗ ಮೇಲೆ ತಿಳಿ, ಕೆಳಗೆ ಗಟ್ಟಿ ಆಗುತ್ತದಲ್ಲ, ಹಾಗೆ.

ಆ ಪುಡಿಯನ್ನು ನೀರಿಗೆ ಕಲಸುವುದನ್ನು ಶಿವಲಿಂಗಪ್ಪನವರು ನನಗೆ ಕಲಿಸಿದ್ದು ಹೀಗೆ.

"ಏನಪ್ಪ ರಹಮತ್, ನಿಮ್ಮನೇಲಿ ಮುದ್ದೆ ಮಾಡ್ತಾರಾ?"

"ಮಾಡ್ತಾರೆ ಸರ್."

"ಹಿಟ್ಟೆಲ್ಲಾ ಒಂದೇ ಸಲ ಸುರಿದ್ಬಿಟ್ರೆ?"

"ಗಂಟಾಗ್ತೈತೆ."

"ಇದೂ ಅಷ್ಟೇ ಕಣಪ್ಪ. ಉದುರಿಸ್ತಾ ಹೋಗು. ಅವಸರ ಮಾಡ್ಬೇಡ."

ಗಂಟಾದ ಪಾಲಿಮರ್ ನೀರಿನಲ್ಲಿ ಮೀನಿನ ಕಣ್ಣಿನ ಹಾಗೆ ಕಾಣುತ್ತದೆ. ಅದನ್ನು ಮೀನುಗಣ್ಣು ಎಂದೇ ಕರೆಯುತ್ತಿದ್ದೆವು. ಒಮ್ಮೆ ಗಂಟಾದರೆ ಕರಗುವುದಿಲ್ಲ, ಪಂಪು ಕಟ್ಟಿಕೊಳ್ಳುತ್ತದೆ. ಕಲಸಿದ್ದನ್ನು ಕೊಳೆನೀರಿಗೆ ಬಿಟ್ಟಾಗ ಮೊದಲು ಬಿರುಸಾಗಿ ತಿರುಗಿಸಬೇಕು, ಎಲ್ಲ ಕಡೆ ಬೆರೆಯಲಿ ಎಂದು. ಬೆರೆತ ಮೇಲೆ ಬಹಳ ನಿಧಾನವಾಗಿ ತಿರುಗಿಸಬೇಕು. ಆಗಲೂ ಬಿರುಸು ಮಾಡಿದರೆ ಕೂಡಿಕೊಂಡ ಗುಂಪು ಹರಿದುಹೋಗುತ್ತದೆ, ಮತ್ತೆ ಕೂಡುವುದಿಲ್ಲ. ದಿನವೂ ಬೆಳಿಗ್ಗೆ ಗಾಜಿನ ಜಾರುಗಳಲ್ಲಿ ಆ ದಿನದ ನೀರನ್ನು ತುಂಬಿ, ಒಂದೊಂದಕ್ಕೂ ಬೇರೆಬೇರೆ ಪ್ರಮಾಣ ಹಾಕಿ, ಯಾವುದರಲ್ಲಿ ಚೆನ್ನಾಗಿ ಕೂರುತ್ತದೆ ಎಂದು ನೋಡುತ್ತಿದ್ದೆವು. ಇದು ಜಾರ್ ಟೆಸ್ಟ್. ಈಗ ಮೀಟರುಗಳು ಬಂದಿವೆ, ಪರದೆಯ ಮೇಲೆ ಅಂಕಿ ಬರುತ್ತದೆ. ಆದರೂ ಜಾರಿನ ಮುಂದೆ ಕೂತು ಕಣ್ಣಾರೆ ನೋಡುವುದನ್ನು ಬಿಡಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ತಿಪ್ಪೇಸ್ವಾಮಿಗೆ. ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಆಪರೇಟರ್, ನನ್ನ ವಾರಿಗೆಯವನು, ಮಾತುಗಾರ. ಒಂದು ದಿನ ಕಾರ್ಖಾನೆಗೆ ಖರೀದಿದಾರರು ಬರುವವರಿದ್ದರು. ಕ್ಲೀನಿಂಗ್ ಗುತ್ತಿಗೆಯವರು ಎಲ್ಲ ಕಡೆ ಪೈಪು ಹಿಡಿದು ತೊಳೆಯುತ್ತಾ ಬಂದವರು, ಇಟಿಪಿಯ ಮೆಟ್ಟಿಲ ಮೇಲೆ ಚೆಲ್ಲಿದ್ದ ಪಾಲಿಮರನ್ನೂ ತೊಳೆದರು. ಚೆಲ್ಲಿದ ಪಾಲಿಮರಿಗೆ ನೀರು ಬಿದ್ದರೆ ಅದು ಲೋಳೆಸರದ ಹಾಗೆ ಜಾರುತ್ತದೆ. ಹೆಚ್ಚು ನೀರು ಹಾಕಿದಷ್ಟೂ ಹೆಚ್ಚು ಹರಡುತ್ತದೆ. ತಿಪ್ಪೇಸ್ವಾಮಿ ಎರಡು ಕೈಯಲ್ಲಿ ಕ್ಯಾನು ಹಿಡಿದು ಇಳಿಯುತ್ತಿದ್ದ. ಹಿಡಿದುಕೊಳ್ಳಲು ಕೈ ಖಾಲಿ ಇರಲಿಲ್ಲ. ಕೆಳಗಿನ ಕಾಂಕ್ರೀಟಿನ ಮೇಲೆ ಬಿದ್ದ. ಸೊಂಟದ ಮೂಳೆ ಮುರಿಯಿತು. ದುರ್ಗದ ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದು ಎದ್ದು ಬಂದನಾದರೂ ಮೊದಲಿನ ನಡಿಗೆ ಬರಲಿಲ್ಲ. ಮೇಲಿನವರು ಅವನನ್ನು ಕೆಲಸದಿಂದ ಬಿಡಿಸಲು ನೋಡಿದರು. ಶಿವಲಿಂಗಪ್ಪನವರು ಅವನಿಗೆ ಕೂತು ಮಾಡುವ ಕೆಲಸ ಕಲಿಸಿ ಲ್ಯಾಬಿಗೆ ತಂದುಕೊಂಡರು. ಆಮೇಲಿಂದ ಪ್ರತಿ ಮೆಟ್ಟಿಲ ಬಳಿ ಒಣ ಮರಳು ಮತ್ತು ಕಲ್ಲುಪ್ಪಿನ ಡಬ್ಬಿ ಇಟ್ಟೆವು. ಚೆಲ್ಲಿದರೆ ಮೊದಲು ಅದನ್ನು ಉದುರಿಸಿ, ಗುಡಿಸಿ ತೆಗೆಯಬೇಕು. ನೀರು ಆಮೇಲೆ.

ಇನ್ನೊಂದು ಪ್ರಸಂಗ ಹೇಳಬೇಕು. ಒಮ್ಮೆ ಲಾರಿ ಮುಷ್ಕರವಾಗಿ ಪಾಲಿಮರ್ ಬರುವುದು ನಿಂತಿತು. ಆಗ ನನಗೆ ಹುಣಸೆ ಬೀಜ ನೆನಪಾಯಿತು. ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಮಾಡಿ ಹಾಸಿನ ನೂಲಿಗೆ ಸವರುತ್ತಾರೆ. ಅಬ್ಬಾನ ಬಳಿ ಬರುತ್ತಿದ್ದ ನೇಕಾರರ ಮನೆಗಳಲ್ಲಿ ನೋಡಿದ್ದೆ. ಆ ಗಂಜಿಯೂ ಉದ್ದ ಸರಪಳಿಯ ವಸ್ತುವೇ, ಗಿಡ ತಾನೇ ಮಾಡಿಕೊಂಡ ಪಾಲಿಮರ್. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ಬೇಯಿಸಿ ಜಾರಿಗೆ ಹಾಕಿದೆ. ತಿಳಿ ಬಣ್ಣಗಳು ಚೆನ್ನಾಗಿಯೇ ಕೂತವು. ಶಿವಲಿಂಗಪ್ಪನವರಿಗೆ ಬಹಳ ಖುಷಿಯಾಗಿ, ಹಿರಿಯೂರಿನ ಹುಣಸೆ ವ್ಯಾಪಾರಿಯಿಂದ ಮೂಟೆಗಟ್ಟಲೆ ಬೀಜ ತರಿಸಿದರು.

ಜಾರಿನಲ್ಲಿ ಆದದ್ದು ತೊಟ್ಟಿಯಲ್ಲಿ ಆಗಲಿಲ್ಲ. ಬೇಸಿಗೆಯ ಬಿಸಿಲಿಗೆ ಗಂಜಿ ಹುಳಿಯಾಯಿತು, ನಾರಿತು, ನೊಣ ಮುತ್ತಿದವು. ಅದಕ್ಕಿಂತ ಹೆಚ್ಚಾಗಿ, ಹೊರಗೆ ಹೋಗುವ ನೀರಿನಲ್ಲಿ ಕೊಳೆಯುವ ಪದಾರ್ಥ ಮೊದಲಿಗಿಂತ ಜಾಸ್ತಿ ಬಂತು. ಅದು ಗಂಜಿಯದ್ದೇ. ಶಿವಲಿಂಗಪ್ಪನವರು ನಕ್ಕು, ತೆಗೆಯಾಕೆ ಹಾಕಿದ್ದೇ ಕೊಳೆ ಆತಲ್ಲಪ್ಪ ಅಂದರು. ನಿಲ್ಲಿಸಿದೆವು. ಈಗ ಕಾಲೇಜುಗಳಲ್ಲಿ ಹುಣಸೆ ಬೀಜ, ಸೀಗಡಿ ಸಿಪ್ಪೆ ಮುಂತಾದವುಗಳಿಂದ ಕೆಡದೆ ಉಳಿಯುವಂಥ ಪಾಲಿಮರ್ ಮಾಡುತ್ತಿದ್ದಾರಂತೆ. ಮಾಡಲಿ. ಜಾರಿನಲ್ಲಿ ಗೆದ್ದ ಮೇಲೆ ತೊಟ್ಟಿಯಲ್ಲೂ ಒಂದು ಬೇಸಿಗೆ ನೋಡಲಿ ಎಂದಷ್ಟೇ ನನ್ನ ಮಾತು.

ಈಗ ಮೀನಿನ ವಿಷಯ. ಬರೆಯಲು ಕೂತದ್ದೇ ಇದಕ್ಕಾಗಿ.

ಕಾರ್ಖಾನೆಗೆ ಶಾಲಾ ಸಮವಸ್ತ್ರದ ನೂಲಿನ ದೊಡ್ಡ ಆರ್ಡರ್ ಬಂದಿತ್ತು. ಕಡುನೀಲಿ ಮತ್ತು ಕಪ್ಪು. ಆ ಬಣ್ಣಗಳು ಬೇಗ ಇಳಿಯುವುದಿಲ್ಲ. ಹೊರಗೆ ಹೋಗುವ ನೀರು ನೀಲಿಯಾಗಿಯೇ ಹೋಗುತ್ತಿತ್ತು. ಅದು ಹಳ್ಳದಲ್ಲಿ ಹರಿದು ಕೆಳಗಿನ ಊರಿನ ಕೆರೆ ಸೇರುತ್ತಿತ್ತು. ಊರಿನವರು ದೂರು ಕೊಟ್ಟಿದ್ದರು, ತಪಾಸಣೆಗೆ ಅಧಿಕಾರಿಗಳು ಬರುವ ಸುದ್ದಿ ಇತ್ತು. ನೀರು ತಿಳಿಯಾಗಿ ಹೋಗಲೇಬೇಕು ಎಂದು ಮ್ಯಾನೇಜರು ಶಿವಲಿಂಗಪ್ಪನವರ ಬೆನ್ನು ಹತ್ತಿದ್ದರು. ಅದೇ ಹೊತ್ತಿಗೆ ಮಾರಾಟಗಾರನೊಬ್ಬ ಹೊಸ ಬಗೆಯ ಪಾಲಿಮರ್ ತಂದ. ಕಡು ಬಣ್ಣಕ್ಕೆ ಹೇಳಿ ಮಾಡಿಸಿದ್ದು, ಸ್ವಲ್ಪ ಹೆಚ್ಚಾದರೂ ತೊಂದರೆಯಿಲ್ಲ ಎಂದು ಹೇಳಿ ಹೋದ. ನಾನು ಆಗ ಅಲ್ಲಿರಲಿಲ್ಲ. ಹಿರಿಯೂರಿನಲ್ಲಿ ನಮ್ಮದೇ ಮಾಲೀಕರ ಹೊಸ ಘಟಕ ಶುರುವಾಗುತ್ತಿತ್ತು, ಅಲ್ಲಿನ ತೊಟ್ಟಿಗಳನ್ನು ಸಜ್ಜು ಮಾಡಲು ನನ್ನನ್ನು ಕಳಿಸಿದ್ದರು.

ವಾಪಸು ಬಂದ ದಿನ ಬೆಳಿಗ್ಗೆ ಗೇಟಿನಲ್ಲೇ ತಿಪ್ಪೇಸ್ವಾಮಿ ಸಿಕ್ಕಿದ. ಕೆರೆಯಲ್ಲಿ ಮೀನೆಲ್ಲ ಸತ್ತು ತೇಲುತ್ತಿವೆ ಎಂದ. ಊರಿನವರು ಹನುಮಂತಪ್ಪ ಎಂಬುವನನ್ನು ಹಿಡಿದು ಕಟ್ಟಿಹಾಕಿದ್ದಾರೆ ಎಂದೂ ಹೇಳಿದ.

ಹನುಮಂತಪ್ಪನ ಹೆಸರು ನನಗೆ ಗೊತ್ತಿತ್ತು. ಮೊದಲು ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದವನು ಅವನು. ಆ ವರ್ಷ ಗುತ್ತಿಗೆ ಅವನಿಗೆ ತಪ್ಪಿ, ಗಂಗಮ್ಮ ಎಂಬಾಕೆ ಮುಂದೆ ನಿಂತು ಕಟ್ಟಿದ್ದ ಊರಿನ ಹೆಂಗಸರ ಸಂಘಕ್ಕೆ ಹೋಗಿತ್ತು. ಹರಾಜಿನ ದಿನ ಅವನು ಸಿಟ್ಟಿನಲ್ಲಿ, ಹೆಂಗೆ ಮೀನು ಹಿಡಿತೀರೋ ನೋಡ್ತೀನಿ ಅಂದಿದ್ದನಂತೆ. ಆ ಒಂದು ಮಾತು ಸಾಕಾಯಿತು. ಕೆರೆಗೆ ಔಷಧಿ ಸುರಿದವನು ಅವನೇ ಎಂದು ಊರು ತೀರ್ಮಾನ ಮಾಡಿತ್ತು.

ನಾನು ನೇರವಾಗಿ ನೀರು ಹೊರಹೋಗುವ ಕಾಲುವೆಗೆ ಹೋದೆ. ಅಷ್ಟು ತಿಳಿಯಾದ ನೀರನ್ನು ಅಲ್ಲಿ ಹಿಂದೆಂದೂ ನೋಡಿರಲಿಲ್ಲ. ತಳದ ಸಿಮೆಂಟಿನ ಬಿರುಕೂ ಕಾಣುತ್ತಿತ್ತು. ಕೈ ಅದ್ದಿ ಬೆರಳು ಉಜ್ಜಿದೆ. ಜಾರಿತು. ಪಾಲಿಮರ್ ಪಂಪಿನ ತಿರುಗಣೆ ಎಷ್ಟಕ್ಕಿದೆ ಎಂದು ನೋಡಿ ಶಿವಲಿಂಗಪ್ಪನವರ ಬಳಿ ಓಡಿದೆ. ಅವರು ಲ್ಯಾಬಿನ ಕಿಟಕಿಯ ಬಳಿ ನಿಂತು ಕೆರೆಯ ಕಡೆ ನೋಡುತ್ತಿದ್ದರು. ನಾನು ಏನೂ ಹೇಳುವ ಮೊದಲೇ, "ನನಗೂ ಅದೇ ಅನುಮಾನ ಐತೆ. ಆದ್ರೆ ಅನುಮಾನದ ಮೇಲೆ ಮಾತಾಡ್ಬಾರದು, ನೋಡಾಣ" ಅಂದರು.

ತಿಪ್ಪೇಸ್ವಾಮಿ ನಮ್ಮ ನೀರು ಹೋಗದ ಮೇಲಿನ ಸಣ್ಣ ಕೆರೆಯಿಂದ ಜೀವಂತ ಮೀನು ತರಿಸಿದ. ಎರಡು ಬಕೆಟ್ ಇಟ್ಟೆವು. ಒಂದರಲ್ಲಿ, ಹಿಂದಿನ ಪ್ರಮಾಣದಲ್ಲಿ ಪಾಲಿಮರ್ ಹಾಕಿ ಇಳಿಸಿದ, ಇನ್ನೂ ನಸುನೀಲಿ ಉಳಿದಿದ್ದ ನೀರು. ಇನ್ನೊಂದರಲ್ಲಿ ಕಾಲುವೆಯ ತಿಳಿನೀರು. ಎರಡಕ್ಕೂ ಮೀನು ಬಿಟ್ಟು ಕೂತೆವು. ನೀಲಿ ನೀರಿನಲ್ಲಿ ಮೀನುಗಳು ಆಡಿಕೊಂಡಿದ್ದವು. ತಿಳಿನೀರಿನವು ಸ್ವಲ್ಪ ಹೊತ್ತಿಗೆಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. ಬಿಸಿಲು ಏರುವುದರೊಳಗೆ ಹೊಟ್ಟೆ ಮೇಲಾಗಿ ತೇಲಿದವು. ಶಿವಲಿಂಗಪ್ಪನವರು ಒಂದನ್ನು ಕೈಗೆತ್ತಿಕೊಂಡು ಕಿವಿರು ಬಿಡಿಸಿ ನೋಡಿದರು. ಮಾಂಸ ಮುಟ್ಟದವರು ಅವರು. ಕಿವಿರಿನ ತುಂಬ ಲೋಳೆ ಕಟ್ಟಿತ್ತು.

ಆ ಬಗೆಯ ಪಾಲಿಮರ್ ಹಿಡಿಯುವುದಕ್ಕೆ ಕೊಳೆ ಇರುವವರೆಗೂ ಕೊಳೆಯನ್ನೇ ಹಿಡಿಯುತ್ತದೆ. ಹಿಡಿಯಲು ಕೊಳೆ ಮುಗಿದು ತಾನು ಮಿಕ್ಕರೆ, ನೀರಿನ ಜೊತೆ ಹೊರಗೆ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೀನಿನ ಕಿವಿರು ಅದಕ್ಕೆ ಕೊಳೆಯ ಹಾಗೆಯೇ. ಅಲ್ಲಿ ಅಂಟಿಕೊಂಡು ಉಸಿರು ಕಟ್ಟಿಸುತ್ತದೆ. ನೀರು ತಿಳಿಯಾಯಿತು ಅಂದರೆ ಶುದ್ಧವಾಯಿತು ಅಂತಲ್ಲ ಎಂಬುದನ್ನು ಈ ಕೆಲಸಕ್ಕೆ ಬರುವವರು ಮೊದಲ ದಿನವೇ ತಿಳಿದುಕೊಳ್ಳಬೇಕು. ನಾವು ಅದನ್ನು ಒಂದು ಕೆರೆಯನ್ನು ಕೊಂದು ತಿಳಿದೆವು.

"ಡೋಸ್ ಏರಿಸು ಅಂದಿದ್ದು ನಾನೇ ಕಣಪ್ಪ" ಎಂದರು ಶಿವಲಿಂಗಪ್ಪನವರು. ಕೈ ತೊಳೆದುಕೊಂಡು ಮ್ಯಾನೇಜರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ.

ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. ತಿಪ್ಪೇಸ್ವಾಮಿ ಬಿದ್ದಾಗ ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋಗಿದ್ದವರು. ಅವರು ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲು ಹಾಕಿಸಿದರು. ಈಗ ಇದು ಹೊರಗೆ ಬಂದರೆ ಕಾರ್ಖಾನೆಗೆ ಬೀಗ ಬೀಳುತ್ತದೆ, ಇಷ್ಟು ಜನರ ಮನೆಯ ಒಲೆ ಆರುತ್ತದೆ, ಪಂಪ್ ತಗ್ಗಿಸಿ, ಮುಂದಿನ ಸಲ ಎಚ್ಚರ ವಹಿಸಿ ಎಂದರು. ಊರಿನವರಿಗೆ ಒಬ್ಬ ಸಿಕ್ಕಿದ್ದಾನಲ್ಲ, ಪೊಲೀಸರಿಗೆ ಒಪ್ಪಿಸಿದರೂ ಸಾಕ್ಷಿ ಇಲ್ಲದೆ ಎರಡು ದಿನದಲ್ಲಿ ಬಿಟ್ಟು ಕಳಿಸುತ್ತಾರೆ, ಅವನಿಗೇನೂ ಆಗುವುದಿಲ್ಲ ಎಂದೂ ಸೇರಿಸಿದರು. ಅವರು ಹೇಳಿದ್ದು ಪೂರಾ ಸುಳ್ಳೂ ಆಗಿರಲಿಲ್ಲ. ಆ ಒಲೆಗಳಲ್ಲಿ ನನ್ನದೂ ಒಂದಿತ್ತು.

ಶಿವಲಿಂಗಪ್ಪನವರು ಕೂತಿದ್ದವರು ಎದ್ದರು. "ಪೊಲೀಸ್ರು ಬಿಡ್ತಾರೆ ಸರ್. ಊರು ಬಿಡಲ್ಲ. ಅವನ ಮಕ್ಕಳು ಮೊಮ್ಮಕ್ಕಳಿಗೂ ಕೆರೆಗೆ ವಿಷ ಹಾಕ್ದೋನ ಮನೆಯೋರು ಅಂತಾರೆ."

ಹೊರಗೆ ಬಂದು ಪಂಪು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನೀನು ಬರಲೇಬೇಕೆಂದಿಲ್ಲ, ಡೋಸ್ ಏರಿಸಿದಾಗ ನೀನು ಇಲ್ಲಿರಲಿಲ್ಲ ಎಂದರು. ನಾನು ಸ್ಕೂಟರ್ ತೆಗೆದೆ. ಅವರು ಹಿಂದೆ ಕೂತರು. ತಿಪ್ಪೇಸ್ವಾಮಿ ಎರಡು ಬಕೆಟ್ ಹಿಡಿದು ಆಟೋದಲ್ಲಿ ಹಿಂದೆ ಬಂದ.

ಊರು ಹತ್ತಿರವಾಗುವ ಮೊದಲೇ ವಾಸನೆ ಬಂತು. ಕೆರೆಯ ಅಂಚಿನುದ್ದಕ್ಕೂ ಬಿಳಿಯ ಪಟ್ಟಿ ಹಾಸಿದ ಹಾಗೆ ಸತ್ತ ಮೀನು. ಹೆಂಗಸರು ಸೀರೆ ಎತ್ತಿಕಟ್ಟಿ ಬುಟ್ಟಿಗಳಲ್ಲಿ ತುಂಬಿ ದಡಕ್ಕೆ ಹಾಕುತ್ತಿದ್ದರು. ಊರೊಳಗೆ ಚಾವಡಿಯ ಮುಂದೆ ಜನ ಸೇರಿತ್ತು. ಕಂಬದ ಬುಡದಲ್ಲಿ ಹನುಮಂತಪ್ಪ ಕೂತಿದ್ದ. ನಡುವಯಸ್ಸಿನ ಗಟ್ಟಿ ಆಳು. ಅಂಗಿ ಹರಿದಿತ್ತು, ತುಟಿ ಊದಿತ್ತು. ಅವನ ಹೆಗಲ ಮೇಲಿನ ಟವೆಲ್ಲಿನಿಂದಲೇ ಅವನ ಕೈ ಕಟ್ಟಿದ್ದರು.

ಶಿವಲಿಂಗಪ್ಪನವರು ಜನರ ನಡುವೆ ಹೋಗಿ ನಿಂತು, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು. "ಇವ್ರ ಕೈ ಬಿಚ್ರಿ. ಮೀನು ಸತ್ತಿದ್ದು ನಮ್ಮ ಕಾರ್ಖಾನೆ ನೀರಿಂದ. ನೀರು ಬಿಟ್ಟೋನು ನಾನು."

ಯಾರೂ ಅಲುಗಾಡಲಿಲ್ಲ. ಊರಿನವರು ನಂಬಲಿಲ್ಲ. ಗಂಗಮ್ಮ ಮುಂದೆ ಬಂದಳು. ತೆಳ್ಳಗಿನ ಹೆಂಗಸು, ಮೊಣಕಾಲವರೆಗೂ ಕೆಸರು.

"ನಿಮ್ಮ ನೀರು ಈಗ ಗಾಜಿನಂಗೆ ಬರ್ತೈತಲ್ರಿ. ನೀಲಿ ನೀರು ಬಂದಾಗ್ಲೇ ಸಾಯ್ದಿದ್ದ ಮೀನು ಈಗ್ಯಾಕೆ ಸಾಯ್ತವೆ?"

ಅದು ಸರಿಯಾದ ಪ್ರಶ್ನೆಯೇ. ಶಿವಲಿಂಗಪ್ಪನವರು ಬಕೆಟ್ಟುಗಳನ್ನು ತರಿಸಿ ಚಾವಡಿಯ ಕಟ್ಟೆಯ ಮೇಲೆ ಇಡಿಸಿದರು. ನೀಲಿ ನೀರಿನಲ್ಲಿ ಇನ್ನೂ ಬದುಕಿದ್ದ ಮೀನುಗಳಲ್ಲಿ ಕೆಲವನ್ನು ತಿಳಿನೀರಿನ ಬಕೆಟ್ಟಿಗೆ ಬಿಡಿಸಿದರು. "ಬಣ್ಣ ಹಿಡಿಯಾಕೆ ಅಂತ ಹಾಕಿದ್ದು ಮಿಕ್ಕೈತಮ್ಮ. ಮಿಕ್ಕಿದ್ದು ಮೀನಿನ ಕಿವಿರು ಹಿಡ್ಕಂಡೈತೆ. ನೀವೇ ನೋಡ್ರಿ" ಅಂದರು. ಜನ ಬಕೆಟ್ಟಿನ ಸುತ್ತ ಕವಿದರು. ಮೊದಲನೆಯ ಮೀನು ಹೊಟ್ಟೆ ಮೇಲಾದಾಗ ಹಿಂದಿನಿಂದ ಯಾರೋ ಒಬ್ಬ ನುಗ್ಗಿ ಬಂದು ಶಿವಲಿಂಗಪ್ಪನವರ ಅಂಗಿಯ ಕೊರಳು ಹಿಡಿದ. ಅವರು ಕೈ ಎತ್ತಲಿಲ್ಲ, ಹಿಂದೆಯೂ ಸರಿಯಲಿಲ್ಲ. ನಾನು ನಡುವೆ ಬರುವಷ್ಟರಲ್ಲಿ ಗಂಗಮ್ಮ ಅವನ ಕೈ ತೆಗೆಸಿದಳು. "ಒಬ್ಬನ್ನ ಹೊಡ್ದಿದ್ದು ಸಾಲ್ದಾ?" ಅಂದಳು.

ಅವಳೇ ಹೋಗಿ ಹನುಮಂತಪ್ಪನ ಕೈ ಬಿಚ್ಚಿದಳು. ಅವನು ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ನಡೆದುಹೋದ. ನಮ್ಮನ್ನೂ ನೋಡಲಿಲ್ಲ. ಅವನು ಹೋದ ದಾರಿಯಲ್ಲಿ ಜನ ಎರಡು ಕಡೆ ಸರಿದು ನಿಂತರು.

ಆಮೇಲಿನದ್ದು ಬೇಗ ಮುಗಿಯುತ್ತದೆ. ಕಾರ್ಖಾನೆ ಕೆಲವು ತಿಂಗಳು ಮುಚ್ಚಿತು, ಷರತ್ತುಗಳ ಮೇಲೆ ಮತ್ತೆ ತೆರೆಯಿತು. ಕೆರೆಗೆ ಹೊಸ ಮೀನಿನ ಮರಿ ಬಿಡಿಸಿಕೊಟ್ಟರು. ಶಿವಲಿಂಗಪ್ಪನವರನ್ನು ಕೆಲಸದಿಂದ ತೆಗೆದರು. ಗಂಗಮ್ಮ ಹನುಮಂತಪ್ಪನ ಮನೆಗೆ ಕ್ಷಮೆ ಕೇಳಲು ಹೋದಳಂತೆ, ಅವನು ಬಾಗಿಲು ತೆರೆಯಲಿಲ್ಲ. ಸ್ವಲ್ಪ ಕಾಲಕ್ಕೆ ಅವನು ಊರು ಬಿಟ್ಟು ಹಿರಿಯೂರು ಕಡೆ ಮಗಳ ಊರಿಗೆ ಹೋದ ಎಂದು ಕೇಳಿದೆ. ನಾವು ನಿಜ ಹೇಳಿದ್ದು ಅವನನ್ನು ಹೊಡೆದ ಮೇಲೆ. ಹೊಡೆತವನ್ನು ವಾಪಸು ತೆಗೆದುಕೊಳ್ಳಲು ಯಾರಿಂದಲೂ ಆಗಲಿಲ್ಲ.

ಇಟಿಪಿಯಲ್ಲಿ ಒಂದು ಬದಲಾವಣೆ ತಂದೆವು. ಹೊರಹೋಗುವ ನೀರು ಕೊನೆಗೆ ಒಂದು ಸಣ್ಣ ಕೊಳದ ಮೂಲಕ ಹೋಗುವ ಹಾಗೆ ಮಾಡಿ, ಅದರಲ್ಲಿ ಮೀನು ಬಿಟ್ಟೆವು. ಬೆಳಿಗ್ಗೆ ಆ ಮೀನುಗಳನ್ನು ನೋಡದೆ ನೀರನ್ನು ಹಳ್ಳಕ್ಕೆ ಬಿಡುವ ಗೇಟ್ ತೆರೆಯುವಂತಿಲ್ಲ. ಕೆಲಸಕ್ಕೆ ಹೊಸದಾಗಿ ಬಂದವರು ಅಂದಕ್ಕೆ ಮಾಡಿದ್ದಾರೆ ಅಂದುಕೊಳ್ಳುತ್ತಿದ್ದರು. ಗಂಗಮ್ಮ ಆಗಾಗ ಬಂದು ಕೊಳದ ಅಂಚಿನಲ್ಲಿ ಕೂತು ನೋಡಿ ಹೋಗುತ್ತಿದ್ದಳು. ಅವಳನ್ನು ಗೇಟಿನಲ್ಲಿ ತಡೆಯಬಾರದೆಂದು ಹೇಳಿಟ್ಟಿದ್ದೆ.

ಶಿವಲಿಂಗಪ್ಪನವರಿಗೆ ಆ ವಯಸ್ಸಿನಲ್ಲಿ ಬೇರೆ ಕಾರ್ಖಾನೆಯವರು ಕೆಲಸ ಕೊಡಲಿಲ್ಲ. ಹೊಸದುರ್ಗದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ನಾನು ಯಾವಾಗಲಾದರೂ ಹೋದರೆ ಇಟಿಪಿಯ ಬಗ್ಗೆ ಎಲ್ಲ ಕೇಳುತ್ತಿದ್ದರು, ಆ ದಿನದ ಬಗ್ಗೆ ಮಾತ್ರ ಮಾತು ಬರುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ. ಅವರು ತೀರಿಕೊಂಡಾಗ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ.

ನಾನು ನಿವೃತ್ತನಾದ ಮೇಲೆ ತಿಪ್ಪೇಸ್ವಾಮಿಯ ಮಗನ ಮದುವೆ ಯಲ್ಲದಕೆರೆಯಲ್ಲಿ ಆಯಿತು. ಹೆಣ್ಣಿನ ಊರು ಅದು. ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಒಬ್ಬ ಮುದುಕ ಪಕ್ಕದಲ್ಲಿ ಬಂದು ನಿಂತು ನನ್ನನ್ನೇ ನೋಡಿದ.

"ನೀವು ಆ ಬಣ್ಣದ ಕಾರ್ಖಾನೆ ಸಾಬ್ರಲ್ಲೇನ್ರಿ?"

ಹೌದು ಎಂದೆ. ಗುರುತು ಸಿಗಲಿಲ್ಲ. ನಾನು ಹನುಮಂತಪ್ಪ, ಇದೇ ನನ್ನ ಮಗಳ ಊರು ಎಂದ. ಪೆಂಡಾಲಿನ ಹಿಂದೆ ಎರಡು ಕುರ್ಚಿ ಎಳೆದುಕೊಂಡು ಕೂತೆವು. ಅವನು, ಅವತ್ತು ಬಂದ ಆ ಎತ್ತರದ ಸಾಹೇಬರು ಹೇಗಿದ್ದಾರೆ ಎಂದು ಕೇಳಿದ. ಅವರ ಕೆಲಸ ಹೋದದ್ದು, ಶಾಲೆಯಲ್ಲಿ ಪಾಠ ಹೇಳಿದ್ದು, ತೀರಿಕೊಂಡದ್ದು ಎಲ್ಲ ಹೇಳಿದೆ. ಕೆಲಸ ಹೋದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ತನ್ನ ದೆಸೆಯಿಂದಲೋ ಎಂದು ಎರಡು ಸಲ ಕೇಳಿದ.

"ಅವತ್ತು ಎದ್ದು ಹೋಗಾಗ ಅವ್ರ ಮುಖ ಸೈತ ನೋಡ್ಲಿಲ್ಲ ನಾನು" ಎಂದ. "ಅವ್ರ ಮನೇರು ಇದ್ದಾರೇನ್ರಿ?"

ಹೆಂಡತಿ ಪಾರ್ವತಮ್ಮನವರು ಮಗಳ ಮನೆಯಲ್ಲಿ, ಹೊಸದುರ್ಗದಲ್ಲಿ ಇದ್ದಾರೆ ಎಂದೆ. ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ಕೇಳಿಕೊಂಡ.

ಮುಂದಿನ ವಾರ ಇಬ್ಬರೂ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡುತ್ತಿದ್ದ. ಪಾರ್ವತಮ್ಮನವರು ನನ್ನನ್ನು ಗುರುತಿಸಿ, ಬರ್ರಿ ಕುಂತ್ಕಳ್ರಿ ಎಂದು ಒಳಗೆ ಕರೆದರು. ಹನುಮಂತಪ್ಪ ಕೂರಲಿಲ್ಲ. ಹೊಸ್ತಿಲ ಒಳಗೆ ನಿಂತೇ ಹೇಳಿದ. ಕೆರೆ, ಸತ್ತ ಮೀನು, ಕಂಬ, ಟವೆಲ್ಲು, ಅಷ್ಟು ಜನರ ನಡುವೆ ಬಂದು ನಿಂತ ಅವರ ಯಜಮಾನರು, ಎಲ್ಲವನ್ನೂ. ಯಾರೋ ಅವರ ಅಂಗಿಯ ಕೊರಳು ಹಿಡಿದದ್ದನ್ನೂ ಬಿಡಲಿಲ್ಲ. ಕೊನೆಗೆ, "ಆವಯ್ಯ ಬರ್ದೇ ಇದ್ದಿದ್ರೆ ನಾನು ಆ ಕೆರೇಲೇ ಬಿದ್ದು ಸಾಯ್ತಿದ್ದೆ ತಾಯಿ" ಅಂದ.

ಪಾರ್ವತಮ್ಮನವರು ಗೋಡೆಗೆ ಒರಗಿ ಕೂತರು. ಅವರ ಮುಖ ನೋಡಿದಾಗ ನನಗೆ ತಿಳಿಯಿತು, ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದೇ ಇರುತ್ತದೆ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

"ಮನೇಲಿ ಒಂದು ಮಾತೂ ಹೇಳ್ಲಿಲ್ಲ ರಹಮತ್" ಎಂದರು ಅವರು. "ಕಂಪನಿಯೋರು ತೆಗೆದ್ರು ಅಂದ್ರು, ಅಷ್ಟೇ. ಯಾಕೆ ಅಂದ್ರೆ, ನನ್ನದೇ ತಪ್ಪು ಅಂದ್ರು. ಏನೋ ಮಾಡಬಾರದ್ದು ಮಾಡವ್ರೆ ಅನ್ಕಂಡೆ ನಾನು. ನೆಂಟ್ರೂ ಹಂಗೇ ಅಂದ್ರು. ನಾನು ಯಾರಿಗೂ ಎದುರು ಮಾತಾಡ್ಲಿಲ್ಲ."

ಸೆರಗಿನಿಂದ ಕಣ್ಣು ಒರೆಸಿಕೊಳ್ಳಲೂ ಇಲ್ಲ ಅವರು. ಅಡುಗೆಮನೆಯ ಕಡೆ ತಿರುಗಿ ಮಗಳನ್ನು ಕರೆದರು. ಮಗಳು ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹನುಮಂತಪ್ಪನಿಗೆ ಎದುರಿನ ಕುರ್ಚಿ ತೋರಿಸಿದರು.

"ಕುಂತ್ಕಳ್ರಿ ಯಜಮಾನ್ರೆ. ಮೊದಲಿಂದ ಇನ್ನೊಂದ್ಸಲ ಹೇಳ್ರಿ. ಇವಳೂ ಕೇಳ್ಲಿ."

ಹನುಮಂತಪ್ಪ ಆಗ ಕೂತ.